ರಿಂಗಾಗದ ಫೋನಿಗೆ ಹೊಸ ಬಣ್ಣ

ಇಪ್ಪತ್ತಾರು ವರ್ಷ ನಾನು ಮಾಡಿದ್ದು ತಪ್ಪು ಹುಡುಕುವ ಕೆಲಸ. ಅತ್ತೆ ಮನೆಯಲ್ಲಿ ಈ ಗುಣಕ್ಕೆ ಬೈಗುಳ ಸಿಗುತ್ತದೆ, ಹೈದರಾಬಾದಿನ ಕಂಪನಿಗಳಲ್ಲಿ ಸಂಬಳ ಸಿಗುತ್ತದೆ. ಫೋನು ಆನ್ ಮಾಡಿದ ಕೂಡಲೇ ಒಳಗೆ ಎದ್ದು ಕೂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ ಇದೆಯಲ್ಲ, ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ, ಅದನ್ನು ಅಗ್ಗದ ಫೋನುಗಳಿಗೆ ಹೊಂದಿಸಿಕೊಡುವ ಕಂಪನಿ ನಮ್ಮದು. 'ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ' ಅಂತ ನಿಮ್ಮ ಫೋನು ಆಗಾಗ ಪೀಡಿಸುತ್ತದಲ್ಲ, ಅದು ಹೊರಗೆ ಹೋಗುವ ಮುಂಚೆ ಕೊನೆಯ ಒಪ್ಪಿಗೆ ಟೆಸ್ಟಿಂಗ್ ವಿಭಾಗದ್ದು. ಕೊನೆಯ ಹನ್ನೊಂದು ವರ್ಷ ಆ ಒಪ್ಪಿಗೆಯ ಸಹಿ ನನ್ನದಾಗಿತ್ತು.

ಈಗ ನಮ್ಮ ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಹೊಸದಾಗಿ ಸೇರುವವರು ಬಂದು, "ಆಂಟಿ, ಏನಾದರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ. ನಾನು ಎಲ್ಲಿ ಮುಗ್ಗರಿಸಿದೆ, ಎಲ್ಲಿ ಜಗಳಾಡಿದೆ ಅನ್ನುವುದನ್ನು ಹೇಳಬಲ್ಲೆ. ಬಡ್ತಿ ಗಿಡ್ತಿ ಬಂದದ್ದೆಲ್ಲ ಬಿಡಿ, ಅದು ವಯಸ್ಸಾದ ಹಾಗೆ ಬರುವಂಥದ್ದು.

ಆಫೀಸಿನಲ್ಲಿ ನನಗೆ 'ನೋ ಮೇಡಂ' ಅಂತ ಹೆಸರಿಟ್ಟಿದ್ದರು. ಬೆನ್ನ ಹಿಂದೆ ಇಟ್ಟದ್ದು, ಮುಂದೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ನಿರ್ದೇಶಕರು ರಾಘವರಾವ್ ಅಂತ, ಗುಂಟೂರಿನವರು. ಮೆತ್ತಗೆ ಮಾತಾಡುವ, ಒಳಗೆ ಗಟ್ಟಿ ಮನುಷ್ಯ. ಅವರಿಗೂ ನನಗೂ ಪ್ರತಿ ಅಪ್‌ಡೇಟಿಗೂ ಒಂದೇ ಜಗಳ. ಎಂಜಿನಿಯರುಗಳು ಅಷ್ಟೇ ಮಂದಿ, ತಿಂಗಳುಗಳು ಅಷ್ಟೇ. ಆ ಮಂದಿಯನ್ನು ಹಳೆಯ ದೋಷ ಸರಿಪಡಿಸಲಿಕ್ಕೆ ಹಚ್ಚುವುದೋ, ಫೋನಿಗೆ ಹೊಸ ರೂಪ ಕೊಡಲಿಕ್ಕೆ ಹಚ್ಚುವುದೋ?

"ಸುಮಂಗಲಗಾರೂ," ಅನ್ನುತ್ತಿದ್ದರು ಅವರು ತೆಲುಗಿನಲ್ಲಿ, "ಸರಿ ಮಾಡಿದ ದೋಷ ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ಬಣ್ಣ ಬದಲಿಸಿ ನೋಡಿ, ಊರಿಗೆ ಊರೇ ನೋಡುತ್ತೆ."

"ಸರಿ ಮಾಡದೆ ಬಿಟ್ಟ ದೋಷವೂ ಊರಿಗೆಲ್ಲ ಕಾಣುತ್ತೆ ಸರ್," ಅನ್ನುತ್ತಿದ್ದೆ ನಾನು. ಅವರು ನಗುತ್ತಿದ್ದರು. ಆಮೇಲೆ ಬಣ್ಣಕ್ಕೇ ಮಂದಿಯನ್ನು ಹಚ್ಚುತ್ತಿದ್ದರು.

ಬಣ್ಣ ಅಂದರೆ ಬರೀ ಶೋಕಿ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಆ ಪೊಗರು ಇಳಿಸಿದವಳು ಫರ್ಹೀನ್. ಹೈದರಾಬಾದಿನ ಹಳೇ ಊರಿನ ಹುಡುಗಿ, ಡಿಸೈನರ್ ಆಗಿ ಆಗಷ್ಟೇ ಸೇರಿದ್ದಳು. ಒಂದು ಅಪ್‌ಡೇಟಿನಲ್ಲಿ ಅವಳ ಮೇಲಿನವರು ಅಕ್ಷರಗಳನ್ನು ಸಣ್ಣಗೆ, ಬೂದು ಬಣ್ಣದಲ್ಲಿ ಮಾಡಿದ್ದರು. ಇವಳು, "ಇದು ಓದಲಿಕ್ಕೆ ಬರೋದಿಲ್ಲ, ದೋಷ ಅಂತ ದಾಖಲಿಸಿಕೊಳ್ಳಿ ಮೇಡಂ" ಅಂತ ನನಗೆ ಬರೆದಳು. ನಾನು, "ಇದು ದೋಷವಲ್ಲ, ಅಭಿರುಚಿಯ ವಿಷಯ" ಅಂತ ಉತ್ತರ ಬರೆದು ಆ ದೂರನ್ನು ಮುಚ್ಚಿಬಿಟ್ಟೆ. ಎಂಥ ಜಾಣತನದ ಉತ್ತರ ಅಂತ ಅವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಮ್ಮ ಯಜಮಾನರದು ಕೋಠಿಯಲ್ಲಿ ಔಷಧದ ಸಗಟು ಅಂಗಡಿ. ಅಪ್‌ಡೇಟ್ ಹೊರಗೆ ಹೋದ ವಾರ, ಮಟಮಟ ಮಧ್ಯಾಹ್ನ, ಅವರ ಫೋನ್ ಬಂತು.

"ಏನವಾ, ನಿಮ್ಮ ಕಂಪನಿಯಾಗ ಮಸಿ ತೀರೇತೇನು? ಬಿಸಿಲಾಗ ಒಂದಕ್ಷರ ಕಾಣವಲ್ದು. ಗಿರಾಕಿಗೆ ಫೋನ್ ಹಚ್ಚಿದ್ರ ನಿನಗ ಹತ್ತಾಕತ್ತೈತಿ! ಮೂರನೇ ಸಲ ಇದು."

ಮೊದಲೆರಡು ಸಲ ಯಾರಿಗೆ ಹತ್ತಿತ್ತೋ ಕೇಳುವ ಧೈರ್ಯ ಆಗಲಿಲ್ಲ. ಮರುದಿನ ಫರ್ಹೀನಳ ಮೇಜಿಗೆ ಹೋಗಿ, ನಾಲ್ಕು ಮಂದಿಯ ಎದುರಿಗೇ, ತಪ್ಪಾಯಿತು ಅಂದೆ. "ಅರೆ, ಜಾನೇ ದೋ ಮೇಡಂ, ಹೋಗಲಿ ಬಿಡಿ" ಅಂತ ಅವಳು ನಾಚಿಕೊಂಡಳು. ಅಂದಿನಿಂದ ಅವಳು ರೂಪದ ಬಗ್ಗೆ ಏನೇ ಹೇಳಿದರೂ ನಾನು ಎರಡು ಸಲ ಓದುತ್ತಿದ್ದೆ.

ಇನ್ನು ನನ್ನ ದೊಡ್ಡ ತಪ್ಪಿನ ಕಥೆ. ಅದಕ್ಕೂ ಮುಂಚೆ ನಮ್ಮ ಕೆಲಸದ ರೀತಿ ಹೇಗೆ ಬದಲಾಯಿತು ಅಂತ ಹೇಳಬೇಕು. ನಾನು ಸೇರಿದಾಗ ಎಲ್ಲ ಕೈಕೆಲಸ. ಮುಂದೆ ಫೋನುಗಳು ಬಂದ ಮೇಲೂ ಹಾಗೆಯೇ ನಡೆದಿತ್ತು. ಒಬ್ಬೊಬ್ಬರಿಗೆ ಎರಡೆರಡು ಫೋನು, ಒಂದು ನೋಟ್‌ಬುಕ್ಕು. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಮನೆಯಲ್ಲಿ ಒತ್ತಿ ಒತ್ತಿ ನೋಡುವುದು, ಕಂಡದ್ದನ್ನು ಬರೆಯುವುದು. ಆಮೇಲೆ ಪರೀಕ್ಷೆ ಮಾಡುವ ಪ್ರೋಗ್ರಾಮುಗಳು ಬಂದವು. ಮನುಷ್ಯ ದಿನವಿಡೀ ಒತ್ತುವಷ್ಟನ್ನು ಅವು ಗಳಿಗೆಯಲ್ಲಿ ಒತ್ತುತ್ತಿದ್ದವು. ಅದಕ್ಕಾಗಿ ಉದ್ದನೆಯ ಮೇಜೊಂದು ಮಾಡಿಸಿ, ನಲವತ್ತೆರಡು ಫೋನುಗಳನ್ನು ಗೋದಲಿಯಲ್ಲಿ ಎಮ್ಮೆ ಕಟ್ಟಿದ ಹಾಗೆ ಸಾಲಾಗಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಕಟ್ಟಿದೆವು. ಆ ಮೇಜಿನ ಮೇಲೆ ನನಗೆ ಎಲ್ಲಿಲ್ಲದ ಅಭಿಮಾನ. ಆಫೀಸಿಗೆ ಯಾರೇ ಬರಲಿ, ಮೊದಲು ಅಲ್ಲಿಗೇ ಕರೆದೊಯ್ಯುತ್ತಿದ್ದೆ.

ನಿವೃತ್ತಿಗೆ ಇನ್ನೇನು ಎಂಟು ತಿಂಗಳು ಇದ್ದಾಗ ಒಂದು ದೂರು ಬರತೊಡಗಿತು. ಅಗ್ಗದ ಒಂದು ಮಾದರಿಯ ಫೋನು, ಕರೆ ಬಂದರೂ ರಿಂಗಾಗುವುದಿಲ್ಲ. ಹಿಂದಿನ ಅಪ್‌ಡೇಟಿನಲ್ಲಿ ಬ್ಯಾಟರಿ ಉಳಿಸಲಿಕ್ಕೆ ಅಂತ ಏನೋ ಬದಲಿಸಿದ್ದೆವು, ಅದಾದ ಮೇಲೆ ಶುರುವಾದದ್ದು. ಮೇಜಿನ ಮೇಲೆ ಆ ಮಾದರಿಯ ಫೋನುಗಳಿಗೆ ಸಾವಿರ ಸಲ ಕರೆ ಮಾಡಿಸಿದೆ. ಸಾವಿರ ಸಲವೂ ರಿಂಗಾಯಿತು. "ನಮ್ಮಲ್ಲಿ ಕಾಣಿಸಲಿಲ್ಲ. ನೆಟ್‌ವರ್ಕಿನ ತೊಂದರೆ ಇರಬಹುದು" ಅಂತ ಬರೆದು, ಆ ದೂರುಗಳನ್ನೆಲ್ಲ ನನ್ನ ಕೈಯಾರೆ ಮುಚ್ಚಿದೆ. ಅಷ್ಟರಲ್ಲಿ ಹಬ್ಬದ ಮಾರಾಟಕ್ಕೆ ಹೊಸ ರೂಪದ ದೊಡ್ಡ ಅಪ್‌ಡೇಟ್ ತಯಾರಾಗುತ್ತಿತ್ತು. ಗಾಜಿನ ಹಾಗೆ ಹೊಳೆಯುವ ತೆರೆ, ದುಂಡನೆಯ ಗುರುತುಗಳು, ಫರ್ಹೀನಳ ಒಂದು ವರ್ಷದ ದುಡಿಮೆ. ಎಲ್ಲರ ಗಮನ ಅದರ ಮೇಲೇ.

ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಆಗ ಕಟ್ಟಡ ಕಟ್ಟುತ್ತಿದ್ದರು. ಅಲ್ಲಿಯ ಕೂಲಿಯವರು ಕುಡಿಯುವ ನೀರಿಗೆ ನಮ್ಮ ನಲ್ಲಿಗೆ ಬರುತ್ತಿದ್ದರು. ಒಂದು ಶನಿವಾರ ಕೆಳಗಿಳಿದರೆ, "ಸಾವಕಾಶ ಹಿಡಿಯವಾ, ಚೆಲ್ಲಾಕತ್ತೈತಿ" ಅನ್ನುವ ಮಾತು ಕಿವಿಗೆ ಬಿತ್ತು. ನಾನು ರಾಯಚೂರಿನವಳು, ಈ ಊರಿನಲ್ಲಿ ಹೊರಗೆ ಕಾಲಿಟ್ಟರೆ ತೆಲುಗು, ಹಿಂದಿ. ಆ ಮಾತು ಕೇಳಿ ಹಾಗೇ ಮುಂದೆ ಹೋಗಲು ಆಗಲಿಲ್ಲ. ಹೋಗಿ ಮಾತಾಡಿಸಿದೆ. ಸುರಪುರದ ಕಡೆಯವಳು, ಭೀಮವ್ವ ಅಂತ. ನಲವತ್ತರ ಆಸುಪಾಸು, ಗಟ್ಟಿಗಿತ್ತಿ.

"ಅಕ್ಕಾರ, ನೀವು ಫೋನಿನ ಕಂಪನಿಯಾಗ ಅದೀರಂತ ವಾಚ್‌ಮನ್ ಹೇಳ್ದ," ಅಂತ ಅವಳು ಬುತ್ತಿ ಚೀಲದಿಂದ ಫೋನು ತೆಗೆದಳು. ದೂರು ಬಂದಿದ್ದ ಮಾದರಿಯೇ. "ಇದಕ್ಕೇನಾಗೇತಿ ನೋಡ್ರಿ. ಮೇಸ್ತ್ರಿ ಫೋನ್ ಮಾಡೀನಿ ಅಂತಾನ, ಇದು ಬಾಯೇ ಬಿಡವಲ್ದು."

"ನೆಟ್‌ವರ್ಕ್ ಇರಂಗಿಲ್ಲ ತಗೋ ಭೀಮವ್ವ," ಅಂದೆ. ಅಷ್ಟು ಸಲ ಬರೆದು ಬರೆದು ಬಾಯಿಗೇ ಬಂದಿತ್ತು.

"ನನ್ನ ಬಾಜೂಕ ನಿಂತ ಲಕ್ಷ್ಮಿ ಫೋನಿಗೆ ಬರತೈತಲ್ರಿ, ಅದಕ್ಕೆಲ್ಲಿಂದ ಬಂತು ನೆಟ್‌ವರ್ಕು?"

ಮರುದಿನ ಭಾನುವಾರ ಮನೆಗೆ ಬಾ ಅಂದೆ. ಬಂದಳು. ಚಹಾ ಕುಡಿಯುತ್ತಾ ತನ್ನ ಕಷ್ಟ ಹೇಳಿದಳು. ಅವರ ಮೇಸ್ತ್ರಿಯದೊಂದು ಪದ್ಧತಿ. ಮಧ್ಯಾಹ್ನ ಊಟಕ್ಕೆ ಮುಂಚೆ ಪಟ್ಟಿ ಹಿಡಿದು ಕೂತು, ನಾಳೆ ಯಾವ ಕಟ್ಟಡಕ್ಕೆ ಬರಬೇಕು ಅಂತ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾನೆ. ಒಂದೇ ಸಲ. ಎತ್ತಲಿಲ್ಲವೋ, ಪಟ್ಟಿಯಲ್ಲಿ ಮುಂದಿನ ಹೆಸರು. ಇವಳು ಊಟಕ್ಕೆ ಬಂದು, ಕರೆ ತಪ್ಪಿದ್ದು ನೋಡಿ ತಿರುಗಿ ಮಾಡುವಷ್ಟರಲ್ಲಿ ಜನ ತುಂಬಿರುತ್ತಾರೆ.

"ನಿನಗ ಸೊಕ್ಕು ಬಂದೈತಿ, ಬೇಕಂತ ಎತ್ತಂಗಿಲ್ಲ ಅಂತ ಬೈತಾನ್ರಿ. ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾನೋ ಏನೋ. ಹಿಂಗ ಆದ್ರ ಪಟ್ಟೀಲಿಂದ ಹೆಸರು ಹೊಡದು ಹಾಕ್ತೀನಿ ಅಂದಾನ. ಮತ್ತ ಅಡ್ಡಾದಾಗ ನಿಂದರಬೇಕಾಕೈತಿ ಅಕ್ಕಾರ."

ಕೂಲಿ ಬೇಕಾದವರು ಬೆಳಿಗ್ಗೆ ಹೋಗಿ ನಿಲ್ಲುವ ರಸ್ತೆಯಂಚಿಗೆ ಇಲ್ಲಿ ಅಡ್ಡಾ ಅನ್ನುತ್ತಾರೆ. ಈ ಊರಿಗೆ ಬಂದ ಹೊಸತರಲ್ಲಿ ಅವಳು ಮಿಯಾಪುರದ ಅಡ್ಡಾದಲ್ಲಿ ನಿಂತವಳು. "ಅಲ್ಲಿ ಮಂದಿ ಸಂತ್ಯಾಗ ದನ ನೋಡಿದಂಗ ನೋಡ್ತಾರ್ರಿ. ರಟ್ಟಿ ಹಿಚುಕಿ ನೋಡಿದಾಂವನೂ ಒಬ್ಬ ಇದ್ದ. ಈ ಮೇಸ್ತ್ರಿ ಪಟ್ಟ್ಯಾಗ ಸೇರಿ ನಾಕು ವರ್ಷ ಆತು, ಹೊಳ್ಳಿ ಅಲ್ಲಿಗೆ ಹೋಗಂಗಿಲ್ಲ ಅಂತ ಕುಂತಿದ್ದೆ" ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅವಳ ಫೋನಿಗೆ ನಾನು ಕರೆ ಮಾಡಿದೆ, ರಿಂಗಾಯಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಆಯಿತು. ಭೀಮವ್ವ ನನ್ನನ್ನು ಒಂಥರಾ ಪಾಪದ ಪ್ರಾಣಿಯನ್ನು ನೋಡುವ ಹಾಗೆ ನೋಡಿದಳು.

"ಹಂಗಲ್ರಿ ಅಕ್ಕಾರ. ನೀವು ಕೈಯಾಗ ಹಿಡಕೊಂಡು ಕುಂತೀರಿ. ನಾ ಅದನ್ನ ಚೀಲದಾಗ ಹಾಕಿ ಗೂಟಕ್ಕ ತೂಗಹಾಕಿದ್ರ ಊಟದ ತನಕಾ ಮುಟ್ಟಂಗೇ ಇಲ್ಲ."

ಮುಟ್ಟುವುದೇ ಇಲ್ಲ! ಫೋನು ಬಿಟ್ಟು ಹೋಗು ಅಂತ ಅವಳಿಗೆ ಹೇಳಿ, ಅದನ್ನು ಊಟದ ಮೇಜಿನ ಮೇಲಿಟ್ಟು, ಯಜಮಾನರಿಗೂ ಆ ಕಡೆ ಸುಳಿಯಬೇಡಿ ಅಂದೆ. ಮೂರು ತಾಸು ಬಿಟ್ಟು ದೂರದಿಂದ ಕರೆ ಮಾಡಿದೆ. ನನ್ನ ಕಿವಿಯಲ್ಲಿ ರಿಂಗಾಗುತ್ತಿದೆ, ಮೇಜಿನ ಮೇಲಿನ ಫೋನು ಸತ್ತಂತೆ ಬಿದ್ದಿದೆ. ಕರೆ ತಾನಾಗಿ ಕಡಿದು ಅರ್ಧ ನಿಮಿಷದ ಮೇಲೆ ತೆರೆ ಬೆಳಗಿ 'ಒಂದು ತಪ್ಪಿದ ಕರೆ' ಅಂತ ತೋರಿಸಿತು.

ಆಗ ನನಗೆ ಹೊಳೆಯಿತು. ಯಾರೂ ಮುಟ್ಟದೆ ಬಹಳ ಹೊತ್ತು ಬಿಟ್ಟರೆ ಫೋನು ಬ್ಯಾಟರಿ ಉಳಿಸಲಿಕ್ಕೆ ಗಾಢ ನಿದ್ರೆಗೆ ಹೋಗುತ್ತದೆ. ನಾವು ಆ ನಿದ್ರೆಯನ್ನು ಇನ್ನೂ ಗಾಢ ಮಾಡಿದ್ದೆವು, ಕರೆ ಬಂದರೂ ಏಳದಷ್ಟು. ಆದರೆ ಕೇಬಲ್ ಹಾಕಿ ಕರೆಂಟು ಕೊಟ್ಟ ಫೋನು ಆ ನಿದ್ರೆಗೆ ಹೋಗುವುದೇ ಇಲ್ಲ. ನಾನು ಅಷ್ಟು ಅಭಿಮಾನಪಟ್ಟ ಮೇಜಿನ ಮೇಲೆ ನಲವತ್ತೆರಡು ಫೋನುಗಳೂ ಹಗಲೂ ರಾತ್ರಿ ಕೇಬಲ್ಲಿನಲ್ಲೇ ಇದ್ದವು. ಅಲ್ಲಿ ಸಾವಿರ ಸಲ ಏನು, ಲಕ್ಷ ಸಲ ಕರೆ ಮಾಡಿದರೂ ಈ ದೋಷ ಕಾಣುತ್ತಿರಲಿಲ್ಲ. ಕೈಯಿಂದ ಟೆಸ್ಟ್ ಮಾಡುತ್ತಿದ್ದ ಕಾಲದಲ್ಲಾದರೆ ಯಾರದಾದರೂ ಜೇಬಿನಲ್ಲಿ ಎರಡೇ ದಿನಕ್ಕೆ ಸಿಕ್ಕಿಬೀಳುತ್ತಿತ್ತು. ಟೆಸ್ಟಿಂಗಿನವರು ಮಾತ್ರ ಮಾಡಬಹುದಾದ ತಪ್ಪು ಇದು, ಮಾಡಿದವಳು ನಾನು.

ಭೀಮವ್ವನಿಗೆ ನನ್ನ ಹಳೆಯ ಫೋನು ಕೊಡಲು ಹೋದೆ. "ಬ್ಯಾಡ್ರಿ. ಕೆಲಸದಾಗ ಬಿದ್ದು ಒಡದ್ರ ಎಲ್ಲಿಂದ ತರಲಿ?" ಅಂತ ಕೈ ಮುಗಿದಳು. ಒತ್ತಾಯ ಮಾಡಲಿಲ್ಲ. ಅವಳಿಗೆ ಕೊಟ್ಟರೂ ಅದೇ ಫೋನು ಚೀಲದಲ್ಲಿಟ್ಟುಕೊಂಡ ಉಳಿದ ಮಂದಿಗೆ ನಾನೇನು ಕೊಡಲಿ?

ಹೊಸ ರೂಪದ ಅಪ್‌ಡೇಟಿಗೆ ಒಪ್ಪಿಗೆ ಕೊಡುವ ಸಭೆ ಮಂಗಳವಾರ ಇತ್ತು. ಆ ಮಾದರಿಯ ಫೋನೊಂದನ್ನು, ಕೇಬಲ್ ಇಲ್ಲದೆ, ಸಭೆಯ ಮೇಜಿನ ನಡುವೆ ಹತ್ತು ಗಂಟೆಗೆ ಇಟ್ಟೆ. ಏನಂತ ಯಾರಿಗೂ ಹೇಳಲಿಲ್ಲ. ನಮ್ಮ ಸಭೆಗಳು ಮೂರು ತಾಸಿಗಿಂತ ಮುಂಚೆ ಮುಗಿದದ್ದಿಲ್ಲ, ಆ ಭರವಸೆ ನನಗಿತ್ತು. ಕೊನೆಯಲ್ಲಿ ರಾಘವರಾವ್ ಅವರಿಗೆ ನಂಬರ್ ಕೊಟ್ಟು, "ಸರ್, ಈ ಫೋನಿಗೊಂದು ಕರೆ ಮಾಡಿ, ಇದು ರಿಂಗಾಗೋದಿಲ್ಲ" ಅಂದೆ. ಅವರು ಮಾಡಿದರು. ಫೋನು ಸಭೆಗೆ ಸಭೆಯೇ ಬೆಚ್ಚಿಬೀಳುವ ಹಾಗೆ ಹಾಡತೊಡಗಿತು!

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಸುಮಂಗಲಗಾರೂ, ರಿಂಗಾಗೋದೂ ದೋಷವೇನು?" ಅಂದರು ರಾಘವರಾವ್. ನನ್ನ ಮುಖ ಎಲ್ಲಿಡಲಿ ತಿಳಿಯಲಿಲ್ಲ.

ಆಗ ಫರ್ಹೀನ್ ಎದ್ದು ನಿಂತಳು. "ಸರ್, ತಪ್ಪು ನನ್ನದು. ಚಹಾದ ಹೊತ್ತಿನಲ್ಲಿ ಆ ಫೋನು ನಾನೇ ಎತ್ತಿ ಬಣ್ಣ ನೋಡಿದೆ. ಮೇಡಂ ಏನೋ ತೋರಿಸಬೇಕು ಅಂತಿದ್ದಾರೆ, ಇನ್ನೊಂದು ಸಲ ನೋಡೋಣ."

ಅವಳು ಸುಮ್ಮನಿದ್ದಿದ್ದರೆ ಅವಳ ಒಂದು ವರ್ಷದ ಕೆಲಸ ಅವತ್ತೇ ಹೊರಗೆ ಹೋಗುತ್ತಿತ್ತು. ನಾನು ಮತ್ತೆ ಫೋನಿಟ್ಟು, ಪಕ್ಕದಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ 'ಮುಟ್ಟಿದರೆ ಕೈ ಮುರಿಯುತ್ತೇನೆ' ಅಂತ ಚೀಟಿ ಬರೆದಿಟ್ಟು ಬಾಗಿಲು ಹಾಕಿಸಿದೆ. ಸಂಜೆ ಎಲ್ಲರೂ ಮತ್ತೆ ಸೇರಿದರು. ರಾಘವರಾವ್ ಕರೆ ಮಾಡಿ ತಮ್ಮ ಫೋನಿನ ಸ್ಪೀಕರ್ ಹಾಕಿದರು. ಅವರ ಕೈಯಲ್ಲಿ ರಿಂಗು, ಮೇಜಿನ ಮೇಲೆ ಮೌನ. ಈ ಸಲ ಯಾರೂ ನಗಲಿಲ್ಲ.

"ಈ ದೂರುಗಳು ನನಗೆ ಬಂದಿದ್ದವು. ಕಾಣಿಸಲಿಲ್ಲ ಅಂತ ಮುಚ್ಚಿದವಳು ನಾನೇ," ಅಂದೆ. ಭೀಮವ್ವನ ಮೇಸ್ತ್ರಿಯ ಪಟ್ಟಿಯ ಮಾತನ್ನೂ ಹೇಳಿದೆ.

"ಸರಿ, ಹೊಸ ರೂಪದ ಜೊತೆಗೇ ಇದನ್ನೂ ಸರಿಪಡಿಸಿ ಕಳಿಸೋಣ," ಅಂದರು ರಾಘವರಾವ್.

"ಆಗೋದಿಲ್ಲ ಸರ್. ಹೊಸ ರೂಪದಲ್ಲಿ ನೂರು ಕಡೆ ಕೈ ಹಾಕಿದ್ದೇವೆ. ಅದರೊಳಗೆ ಇದನ್ನು ತುರುಕಿದರೆ ಯಾವುದರಿಂದ ಏನು ಕೆಟ್ಟಿತು ಅಂತ ಹುಡುಕುವುದರಲ್ಲೇ ಹಬ್ಬ ಮುಗಿಯುತ್ತೆ. ಮೊದಲು ಇದೊಂದೇ ಹೋಗಲಿ. ಬಣ್ಣ ಆಮೇಲೆ."

"ಫೋನ್ ಕಂಪನಿಯವರು ಬಣ್ಣಕ್ಕೆ ಕಾಯ್ತಿದ್ದಾರೆ, ಅಮ್ಮಾ. ನೀವು ಸಹಿ ಮಾಡದಿದ್ದರೆ ಬೇರೆಯವರ ಕೈಲಿ ಮಾಡಿಸಬೇಕಾಗುತ್ತೆ."

"ಮಾಡಿಸಿ. ನಾಳೆ ಫೋನು ರಿಂಗಾಗದವರು ಬಂದರೆ ಸಹಿ ಮಾಡಿದವರನ್ನೇ ತೋರಿಸ್ತೀನಿ."

ಎಂಟು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕಾದವಳು ಹೀಗೆ ಮಾತಾಡಬಾರದು. ಆದರೆ ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಸಭೆಯಲ್ಲಿ ಮತ್ತೆ ಬಾಯಿಬಿಟ್ಟವಳು ಫರ್ಹೀನಳೇ.

"ಸರ್, ಬಣ್ಣ ಕಾಯಲಿ. ನನ್ನದನ್ನು ಹಾಕಿಕೊಂಡ ಮೇಲೂ ಫೋನು ರಿಂಗಾಗದಿದ್ದರೆ ಜನ ಏನಂತಾರೆ? ಹೊಸ ಬಣ್ಣದಿಂದಲೇ ಕೆಟ್ಟಿತು ಅಂತಾರೆ. ಆ ಬೈಗುಳ ನನಗೆ ನಕ್ಕೋ, ಬೇಡವೇ ಬೇಡ."

ರಾಘವರಾವ್ ಎದ್ದು ಫೋನ್ ಕಂಪನಿಯವರ ಜೊತೆ ಮಾತಾಡಲು ತಮ್ಮ ಕೋಣೆಗೆ ಹೋದರು. ಒಂದು ತಾಸಿನ ಮೇಲೆ ಕೆಂಪಗಾದ ಕಿವಿ ಹೊತ್ತು ಹೊರಗೆ ಬಂದು, "ಮೊದಲು ನಿಮ್ಮದು. ನಿಮಗೆ ಎರಡು ವಾರ," ಅಂದರು. ಅವರಿಗೆ ಏನೇನು ಬೈದರೋ, ಇವತ್ತಿಗೂ ನನಗೆ ಹೇಳಿಲ್ಲ. ಎಷ್ಟು ಜಗಳಾಡಿದ್ದರೂ ಅಂಥವರ ಕೈಕೆಳಗೆ ದುಡಿದೆ ಅನ್ನುವುದು ನನಗೆ ಹೆಮ್ಮೆಯೇ.

ಎರಡು ವಾರ ನಮ್ಮ ವಿಭಾಗ ಕೇಬಲ್ ಮುಟ್ಟಲಿಲ್ಲ. ಒಬ್ಬರು ಫೋನನ್ನು ದಿಂಬಿನ ಕೆಳಗಿಟ್ಟರು, ಒಬ್ಬರು ಸ್ಕೂಟರಿನ ಡಿಕ್ಕಿಯಲ್ಲಿಟ್ಟರು, ನಾನು ಬುತ್ತಿ ಚೀಲದಲ್ಲಿ ಹಾಕಿ ಬಾಲ್ಕನಿಯಲ್ಲಿ ತೂಗುಹಾಕಿದೆ. ಗೊತ್ತು ಮಾಡಿಕೊಂಡ ಹೊತ್ತಿಗೆ ಒಬ್ಬರಿಗೊಬ್ಬರು ಕರೆ ಮಾಡುವುದು, ಬರೆಯುವುದು. ಹಳೆಯ ನೋಟ್‌ಬುಕ್ಕಿನ ಕಾಲ ಮತ್ತೆ ಬಂದಂತಿತ್ತು, ಮೈಯಲ್ಲಿ ಹುರುಪೋ ಹುರುಪು. ಆ ಎರಡು ವಾರದಲ್ಲಿ ಭೀಮವ್ವನಿಗೆ ಇನ್ನೆರಡು ಕರೆ ತಪ್ಪಿದವು. ಇನ್ನೊಂದು ಸಲ ಆದರೆ ಹೆಸರು ಹೋಯಿತು ಅಂತ ಮೇಸ್ತ್ರಿ ಹೇಳಿಬಿಟ್ಟಿದ್ದ. ನಲ್ಲಿಯ ಹತ್ತಿರ ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಅಪ್‌ಡೇಟ್ ಹೊರಗೆ ಹೋಯಿತು. ಅದರಲ್ಲಿ ಏನಿದೆ ಅಂತ ಜನರಿಗೆ ತಿಳಿಸುವ ಟಿಪ್ಪಣಿಯಲ್ಲಿದ್ದದ್ದು ಒಂದೇ ಸಾಲು: 'ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.' ನಾನು ಭೀಮವ್ವನನ್ನು ಕರೆದು ನಮ್ಮ ಮನೆಯ ವೈಫೈನಲ್ಲಿ ಅವಳ ಫೋನಿಗೆ ಹಾಕಿಕೊಟ್ಟೆ. ಅವಳಿಗೆ ಒಂದೇ ಅನುಮಾನ.

"ಬಣ್ಣ ಗಿಣ್ಣ ಬದಲಾಗಂಗಿಲ್ಲಲ್ರಿ? ಹೋದ ವರ್ಷ ಹಿಂಗ ಏನೋ ಹಾಕ್ಕೊಂಡು ಎಲ್ಲಾ ಜಾಗಾ ಬದಲಾಗಿ, ಮೂರು ದಿನ ನನಗ ಫೋನ್ ಹಚ್ಚಾಕ ಬರಲಿಲ್ಲ. ನನಗ ಓದಾಕ ಬರಂಗಿಲ್ರಿ, ಹಸರು ಗುರುತು ಎಡಕ್ಕ ಐತಿ ಅಂತ ಅಷ್ಟ ಗೊತ್ತು."

ಈ ಮಾತನ್ನು ನಾನು ಫರ್ಹೀನಳಿಗೆ ಹಾಗೇ ಮುಟ್ಟಿಸಿದೆ. ಮುಂದಿನ ತಿಂಗಳು ಅವಳ ಹೊಸ ರೂಪ ಹೊರಗೆ ಬಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅದರಲ್ಲಿ ಗಾಜಿನ ಹೊಳಪು ಇತ್ತು, ಹಸಿರು ಗುರುತು ಮಾತ್ರ ಎಡಕ್ಕೇ ಉಳಿದಿತ್ತು.

ಭೀಮವ್ವನ ಫೋನಿಗೆ ಅಪ್‌ಡೇಟ್ ಹಾಕಿದ ಮರುದಿನ ನಾನು ರಜೆ ಹಾಕಿದೆ. ತಪ್ಪು ಒಪ್ಪಿಕೊಳ್ಳದೆ ನನಗೆ ಅನ್ನ ಸೇರುತ್ತಿರಲಿಲ್ಲ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ರಸ್ತೆ ದಾಟಿ ಕಟ್ಟಡದ ಹತ್ತಿರ ಹೋದೆ. ಅವಳು ಇಟ್ಟಿಗೆ ಇಳಿಸಿ, ಕೈ ಒರೆಸಿಕೊಳ್ಳುತ್ತ ಬಂದಳು. ಬುತ್ತಿ ಚೀಲ ಬೆಳಗಿನಿಂದ ಗೂಟಕ್ಕೆ ತೂಗಿತ್ತು.

"ಭೀಮವ್ವ, ಒಂದು ಮಾತು ಹೇಳಬೇಕು ನಿನಗ. ಮೇಸ್ತ್ರಿಗೆ ನಿನ್ನ ಮ್ಯಾಲ ಸಿಟ್ಟು ಇರಲಿಲ್ಲ. ನಿನ್ನದೂ ತಪ್ಪಿಲ್ಲ. ಫೋನಿನ ಒಳಗ ದೋಷ ಇತ್ತು. ಮಂದಿ ಬರದು ತಿಳಿಸಿದ್ರೂ ಏನೂ ಇಲ್ಲಂತ ಹೇಳಿ ಕಳಿಸಿದಾಕಿ ನಾನು. ನಿನ್ನ ಕೆಲಸ ತಪ್ಪಿದ್ದು ನನ್ನಿಂದ."

ಅವಳು ನನ್ನನ್ನೇ ನೋಡಿದಳು. ಬೈಯಲಿ ಅಂತ ಕಾದೆ. ಅವಳಿಗೆ ನಗು ಬಂತು.

"ಅಯ್ಯ, ಬಿಡ್ರಿ ಅಕ್ಕಾರ. ನಿಮ್ಮ ಕೈಯಾಗ ಏನೈತಿ? ಮೇಸ್ತ್ರಿದು ಹಂಗ, ಒಂದೀಟು ದಿನ ಸಿಟ್ಟು, ಆಮ್ಯಾಲ ತಾನ ಇಳೀತೈತಿ."

"ಸಿಟ್ಟಲ್ಲ ಭೀಮವ್ವ, ಕೇಳಿಲ್ಲಿ, ಆ ಫೋನು ನಿದ್ದಿ ಮಾಡಿದ್ರ..." ಅಂತ ನಾನು ಕೈ ಬೀಸಿ ಬೀಸಿ ವಿವರಿಸಲು ಶುರುಮಾಡಿದೆ. ನಿದ್ರೆ, ಗಾಢ ನಿದ್ರೆ, ಕೇಬಲ್ಲು, ಎಲ್ಲ. ಅಷ್ಟರಲ್ಲಿ ಗೂಟದ ಮೇಲಿನ ಚೀಲ ಜೋರಾಗಿ ಹಾಡತೊಡಗಿತು.

ಭೀಮವ್ವ ಒಂದೇ ನೆಗೆತಕ್ಕೆ ಚೀಲ ಹಿಡಿದಳು. ಸಿಮೆಂಟು ಮೆತ್ತಿದ ಬೆರಳು ನನ್ನ ಮುಖಕ್ಕೆ ಎತ್ತಿ, "ಸುಮ್ನಿರ್ರಿ ಅಕ್ಕಾರ ಒಂದೀಟು, ಮೇಸ್ತ್ರಿ!" ಅಂದು ಬೆನ್ನು ತಿರುಗಿಸಿದಳು. "ಹಾಂ ಅಣ್ಣಾ, ವಸ್ತಾ, ರೇಪು ಪೊದ್ದುನ್ನೇ ವಸ್ತಾ," ಬರ್ತೀನಿ, ನಾಳೆ ಬೆಳಿಗ್ಗೆನೇ ಬರ್ತೀನಿ ಅಂತ ತೆಲುಗಿನಲ್ಲಿ ಕೂಗಿ ಕೂಗಿ ಹೇಳುತ್ತಿದ್ದಳು. ನನ್ನನ್ನು ಸುಮ್ಮನಾಗಿಸುವುದು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಿರ್ದೇಶಕರ ಕೈಲೂ ಆಗದ ಕೆಲಸ. ನಾನು ಬಾಯಿ ಮುಚ್ಚಿಕೊಂಡು, ಅವಳ ಮಾತು ಮುಗಿಯುವ ತನಕ ಇಟ್ಟಿಗೆ ರಾಶಿಯ ಪಕ್ಕದಲ್ಲಿ ನಿಂತೇ ಇದ್ದೆ.